ಸುಡದ ಫ್ಯೂಸು



ವಾಹನದ ಒಡಲೊಳಗೆ ಹರಡಿಕೊಂಡಿರುವ ವಿದ್ಯುತ್ ತಂತಿಗಳ ಸಮೂಹವನ್ನು 'ವೈರಿಂಗ್ ಹಾರ್ನೆಸ್' ಎಂದು ಕರೆಯುವರು. ಹಾರ್ನೆಸ್ ಎಂದರೆ ಬಂಡಿಗೆ ಹೂಡಿದ ಕುದುರೆಯ ಮೈಮೇಲೆ ಬಿಗಿಯುವ ಪಟ್ಟಿ ಹಗ್ಗಗಳ ಸಜ್ಜು. ನಮ್ಮ ಎತ್ತಿನ ಬಂಡಿಗೆ ನೊಗ, ಮಿಣಿ, ಕಣ್ಣಿಗಳು ಹೇಗೋ ಹಾಗೆ. ಎಳೆಯುವ ಶಕ್ತಿ ಪ್ರಾಣಿಯದು; ಆ ಶಕ್ತಿಯು ದಿಕ್ಕು ತಪ್ಪದೆ, ಯಾರ ಮೈಯನ್ನೂ ಉಜ್ಜಿ ಗಾಯ ಮಾಡದೆ, ಬೇಕಾದಲ್ಲಿಗೆ ತಲುಪುವಂತೆ ಮಾಡುವುದು ಈ ಸಜ್ಜು. ತಂತಿಗಳ ಕಟ್ಟಿಗೆ ಈ ಹೆಸರನ್ನಿಟ್ಟವರು ಯಾರೋ ತಿಳಿಯದು, ಆದರೆ ಅದು ಬಹಳ ಒಪ್ಪುವ ಹೆಸರು. ಬ್ಯಾಟರಿಯೊಳಗಿನ ಶಕ್ತಿಯು ಸಜ್ಜಿಲ್ಲದ ಕುದುರೆಯಂತೆಯೇ ಇರುತ್ತದೆ. ದಾರಿ ತೋರಿದರೆ ದೀಪವಾಗುತ್ತದೆ, ದಾರಿ ತಪ್ಪಿದರೆ ಬೆಂಕಿಯಾಗುತ್ತದೆ.

ಇಂಥದೊಂದು ತಂತಿಯ ಕಟ್ಟನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ಕೂಡಿಸುವ ಕೆಲಸವನ್ನು 2023ರ ಚಳಿಗಾಲದಲ್ಲಿ ನಾನು ಮಾಡಬೇಕಾಯಿತು. ಅದು ಹವ್ಯಾಸಕ್ಕಾಗಿ ಮಾಡಿದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನ ಕಾರಣದಿಂದ ಮಾಡಿದ್ದು. ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯವನು. 2003ರಿಂದ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಫ್ಲಿಂಟ್ ನಗರದ ಸಮೀಪ ನೆಲೆಸಿದ್ದೇನೆ. ನೆರೆಮನೆಯ ಹಿರಿಯರು ಫ್ಲಿಂಟ್‌ನ ಟ್ರಕ್ಕು ಕಾರ್ಖಾನೆಯಲ್ಲಿ ಮೂರು ದಶಕಗಳ ಕಾಲ ದುಡಿದು ನಿವೃತ್ತರಾದವರು. ಅವರಲ್ಲಿ 1970ರ ಶೆವ್ರೊಲೆ ಸಿ-10 ಪಿಕಪ್ ಒಂದಿತ್ತು. ಮುಂದೆ ಮೂವರು ಕುಳಿತುಕೊಳ್ಳಬಹುದಾದ ಒಂದೇ ಉದ್ದನೆಯ ಆಸನ, ಹಿಂದೆ ಸರಕಿಗೆ ತೆರೆದ ತೊಟ್ಟಿ. ವಾಹನದ ಕ್ರಮಸಂಖ್ಯೆಯೊಳಗಿನ 'ಎಫ್' ಎಂಬ ಅಕ್ಷರವನ್ನು ಬೆರಳಿಟ್ಟು ತೋರಿಸಿ, ಇದು ಫ್ಲಿಂಟ್‌ನಲ್ಲಿ ಕಟ್ಟಿದ್ದು, ಇದರ ಯಾವುದಾದರೊಂದು ಬೋಲ್ಟು ನನ್ನ ಕೈಯಿಂದಲೇ ಬಿಗಿದದ್ದಿರಬಹುದು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. 2006ರ ಫೆಬ್ರವರಿಯ ಒಂದು ರಾತ್ರಿ, ಮೊಣಕಾಲುದ್ದ ಹಿಮ ಬಿದ್ದು ನನ್ನ ಕಾರು ಚಾಲೂ ಆಗದಿದ್ದಾಗ, ಹೆರಿಗೆ ನೋವಿನಲ್ಲಿದ್ದ ನನ್ನ ಪತ್ನಿಯನ್ನು ಆಸ್ಪತ್ರೆಗೆ ತಲುಪಿಸಿದ್ದು ಆ ಟ್ರಕ್ಕು. ಹಿಂದಿನ ಗಾಲಿಗಳಿಗೆ ಹಿಡಿತ ಬರಲೆಂದು ತೊಟ್ಟಿಯೊಳಗೆ ಮರಳಿನ ಚೀಲಗಳನ್ನು ಹೇರಿಕೊಂಡು ಅವರು ಓಡಿಸಿದ ರೀತಿ ಇಂದಿಗೂ ನನ್ನ ಕಣ್ಣ ಮುಂದಿದೆ. ಆ ಮನೆಯ ಋಣ ನಮ್ಮ ಮೇಲೆ ಅಂಥದ್ದು.

ಆ ಋಣವನ್ನು ಚೂರಾದರೂ ತೀರಿಸಬೇಕೆಂಬ ಹಂಬಲದಿಂದಲೇ 2011ರಲ್ಲಿ ಆ ತಪ್ಪು ನಡೆಯಿತು. ಟ್ರಕ್ಕಿನ ಹಿಂದಿನ ದೀಪಗಳು ಆಗಾಗ ಆರಿಹೋಗುತ್ತಿದ್ದವು. ಫ್ಯೂಸು ಸುಟ್ಟಿರುತ್ತಿತ್ತು, ಹೊಸದು ಹಾಕಿದರೆ ವಾರವೋ ಹದಿನೈದು ದಿನವೋ ನಡೆದು ಮತ್ತೆ ಸುಡುತ್ತಿತ್ತು. ಹಿರಿಯರಿಗೆ ಆ ಹೊತ್ತಿಗೆ ಮೊಣಕಾಲು ನೋವು, ಡ್ಯಾಶ್‌ಬೋರ್ಡಿನ ಕೆಳಗೆ ತೂರಲು ಆಗುತ್ತಿರಲಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಲೈನ್‌ಮನ್ನನ ಮಗ, ನೋಡಿಕೊಡುತ್ತೇನೆ ಎಂದೆ. ಅರ್ಧ ಗಂಟೆ ಟಾರ್ಚು ಹಿಡಿದು ಹುಡುಕಿದೆ, ಎಲ್ಲಿಯೂ ದೋಷ ಕಾಣಲಿಲ್ಲ. ಬೆಸುಗೆ ಸಡಿಲವಾದಂತಿದ್ದ ಒಂದು ಕಂದು ಬಣ್ಣದ ತಂತಿಯನ್ನು ಕತ್ತರಿಸಿ, ಮತ್ತೆ ಜೋಡಿಸಿ, ಟೇಪು ಸುತ್ತಿದೆ. ಬಳಿಕ 20 ಆಂಪಿಯರ್ ಫ್ಯೂಸಿನ ಜಾಗದಲ್ಲಿ 30 ಆಂಪಿಯರಿನದೊಂದನ್ನು ಕೂಡಿಸಿದೆ. ದೀಪಗಳು ಉರಿದವು. ಮತ್ತೆ ಆರಲಿಲ್ಲ. ಹಿರಿಯರು ನನ್ನ ಬೆನ್ನು ತಟ್ಟಿದರು, ಅವರ ಪತ್ನಿ ಸೇಬಿನ ಕಡುಬು ಮಾಡಿ ಕಳುಹಿಸಿದರು. ನಾನು ಬೀಗಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ವಿವರಿಸಬೇಕು. ಆ ಕಾಲದ ಅಮೆರಿಕದ ವಾಹನಗಳಲ್ಲಿ ಗಾಜಿನ ನಳಿಕೆಯ ಫ್ಯೂಸುಗಳಿದ್ದವು. ಅವುಗಳಲ್ಲಿ ಎಸ್‌ಎಫ್‌ಇ ಎಂಬ ಬಗೆಯದನ್ನು ಬಹಳ ವಿವೇಕದಿಂದ ರೂಪಿಸಲಾಗಿತ್ತು: ಆಂಪಿಯರ್ ಹೆಚ್ಚಿದಂತೆ ಫ್ಯೂಸಿನ ಉದ್ದವೂ ಹೆಚ್ಚುತ್ತದೆ. 20ರದು ಒಂದೂಕಾಲು ಇಂಚು, 30ರದು ಅದಕ್ಕಿಂತಲೂ ಉದ್ದ. ಆದಕಾರಣ ಚಿಕ್ಕದರ ಮನೆಯಲ್ಲಿ ದೊಡ್ಡದು ಕೂಡುವುದೇ ಇಲ್ಲ. ಆತುರಗಾರನ ಕೈಯನ್ನು ಅಳತೆಯೇ ತಡೆಯಲಿ ಎಂಬುದು ಅದನ್ನು ಮಾಡಿದವರ ಉದ್ದೇಶ. ಆದರೆ ಎಜಿಸಿ ಎಂಬ ಇನ್ನೊಂದು ಬಗೆಯಲ್ಲಿ ಎಲ್ಲ ಆಂಪಿಯರುಗಳ ಫ್ಯೂಸುಗಳೂ ಒಂದೂಕಾಲು ಇಂಚೇ. ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಈ ಎರಡನೆಯದು. ತಡೆಯಲೆಂದು ಕಟ್ಟಿದ್ದ ಬೇಲಿಯಲ್ಲಿ ಇದ್ದ ಒಂದೇ ಸಂದಿಯನ್ನು ಹುಡುಕಿ ನಾನು ಒಳನುಗ್ಗಿದ್ದೆ. ಆ ಬೇಲಿ ಅಲ್ಲಿ ಏಕಿದೆ ಎಂಬ ಪ್ರಶ್ನೆಯೇ ನನ್ನಲ್ಲಿ ಹುಟ್ಟಿರಲಿಲ್ಲ.

ಫ್ಯೂಸು ದೀಪವನ್ನು ಕಾಯಲೆಂದು ಇರುವುದಲ್ಲ, ತಂತಿಯನ್ನು ಕಾಯಲೆಂದು ಇರುವುದು. ಹಿಂದಿನ ದೀಪಗಳೆಲ್ಲ ಒಟ್ಟಿಗೆ ಉರಿದರೂ ನಾಲ್ಕೈದು ಆಂಪಿಯರು ಸಾಕು. ಅಂದ ಮೇಲೆ 20ರ ಫ್ಯೂಸು ಸುಡುತ್ತಿದೆ ಎಂದರೆ ಎಲ್ಲಿಯೋ ತಂತಿಯ ಹೊದಿಕೆ ಹರಿದು, ವಿದ್ಯುತ್ತು ದೀಪದ ಹಂಗಿಲ್ಲದೆ ಚೌಕಟ್ಟಿನ ಲೋಹಕ್ಕೆ ಸೋರುತ್ತಿದೆ ಎಂದೇ ಅರ್ಥ. ಫ್ಯೂಸು ಪ್ರತಿ ಸಲವೂ ಸತ್ಯವನ್ನೇ ಹೇಳುತ್ತಿತ್ತು. ನಾನು ಅದರ ಬಾಯಿ ಕಟ್ಟಿದೆ.

ಇದು ನನಗೆ ತಿಳಿಯದ ವಿಷಯವೇ? ಅಲ್ಲ. ನನ್ನ ತಂದೆ ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್ ಆಗಿದ್ದವರು. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳ ಫ್ಯೂಸು ಪದೇ ಪದೇ ಹೋಗುತ್ತದೆಂದು ರೈತರು ಪಿಂಗಾಣಿಯ ಕಿಟ್‌ಕ್ಯಾಟಿಗೆ ನಾಲ್ಕೆಳೆ ತಾಮ್ರದ ತಂತಿಯನ್ನು ಹೊಸೆದು ಕಟ್ಟಿಬಿಡುತ್ತಿದ್ದರು. ಆಮೇಲೆ ಫ್ಯೂಸು ಹೋಗುತ್ತಿರಲಿಲ್ಲ, ಮೋಟರು ಹೋಗುತ್ತಿತ್ತು. ಅಪ್ಪ ಸೈಕಲ್ಲಿನಲ್ಲಿ ಹೋಗಿ ಆ ದಪ್ಪ ತಂತಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಿದ್ದರು; ಮನೆಯ ಮಾಡಿನಲ್ಲಿ ಒಂದು ಡಬ್ಬಿಯ ತುಂಬ ಅವೇ ಇದ್ದವು. ಅದನ್ನು ನೋಡುತ್ತಲೇ ಬೆಳೆದವನು ನಾನು. ಕಂಡದ್ದು ಬೇರೆ, ಕೈಗೆ ಬಂದದ್ದು ಬೇರೆ.

ಹಿರಿಯರು 2019ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಹಗಲು ಹೊತ್ತಿನಲ್ಲಿ, ಅದೂ ಬೇಸಿಗೆಯಲ್ಲಿ ಮಾತ್ರ ಟ್ರಕ್ಕನ್ನು ಹೊರತೆಗೆಯುತ್ತಿದ್ದುದರಿಂದ ಹಿಂದಿನ ದೀಪಗಳಿಗೆ ಕೆಲಸವೇ ಇರಲಿಲ್ಲ. ನನ್ನ ತಪ್ಪು ಹನ್ನೊಂದು ವರ್ಷ ಕತ್ತಲೆಯಲ್ಲಿ ಸುಮ್ಮನೆ ಕುಳಿತಿತ್ತು. 2022ರಲ್ಲಿ ಅವರ ಮೊಮ್ಮಗಳಿಗೆ ಚಾಲನಾ ಪರವಾನಗಿ ದೊರೆಯಿತು. ಹದಿನೇಳರ ಹುಡುಗಿ, ಅಜ್ಜನ ಟ್ರಕ್ಕನ್ನೇ ಓಡಿಸುತ್ತೇನೆಂದು ಹಟ ಹಿಡಿದಳು. ಆ ಅಕ್ಟೋಬರಿನ ಒಂದು ಸಂಜೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿಯಿಂದ ಮರಳುತ್ತಿದ್ದಳು. ದೀಪ ಹಾಕಿ ಸುಮಾರು ಹತ್ತು ನಿಮಿಷವಾಗಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಹಿಂದೆಯೇ ಹೊಗೆ. ಹುಡುಗಿ ಗಾಬರಿಯಾಗದೆ ಟ್ರಕ್ಕನ್ನು ಬದಿಗೆ ನಿಲ್ಲಿಸಿ, ದೀಪದ ಗುಂಡಿಯನ್ನು ಒಳಗೆ ತಳ್ಳಿ, ಚಾವಿ ತಿರುಗಿಸಿ, ಅಜ್ಜಿಯನ್ನು ಕೆಳಗಿಳಿಸಿದಳು. ಹಿಂದಿನ ದೀಪದ ತಂತಿಗೆ ವಿದ್ಯುತ್ತು ಬರುವುದು ಆ ಗುಂಡಿಯ ಮೂಲಕವೇ ಆದ್ದರಿಂದ, ಅದನ್ನು ಒತ್ತಿದ ಕ್ಷಣವೇ ಉರಿ ನಿಂತಿತು.

ಈ ಮಾದರಿಯಲ್ಲಿ ಪೆಟ್ರೋಲಿನ ಟ್ಯಾಂಕು ಎಲ್ಲಿದೆ ಎಂಬುದನ್ನು ಬಲ್ಲವರು ಈ ಮಾತನ್ನು ಓದಿ ಬೆಚ್ಚುವರು. 1967ರಿಂದ 1972ರವರೆಗಿನ ಈ ಟ್ರಕ್ಕುಗಳಲ್ಲಿ ಸುಮಾರು 20 ಗ್ಯಾಲನ್ನಿನ, ಎಂದರೆ 75 ಲೀಟರಿನ ಆಸುಪಾಸಿನ ಟ್ಯಾಂಕು ಕ್ಯಾಬಿನ್ನಿನ ಒಳಗೇ, ಆಸನದ ಬೆನ್ನಿನ ಹಿಂದೆಯೇ ಇತ್ತು. 1973ರ ಹೊಸ ವಿನ್ಯಾಸದಲ್ಲಷ್ಟೇ ಅದನ್ನು ಅಲ್ಲಿಂದ ಹೊರಗೆ, ಚೌಕಟ್ಟಿಗೆ ಸಾಗಿಸಿದರು. ಅಜ್ಜಿ ಮೊಮ್ಮಗಳ ಮೊಣಕಾಲಿನ ಬಳಿ ಬೆಂಕಿ, ಬೆನ್ನಿನ ಹಿಂದೆ ಪೆಟ್ರೋಲು.

ಮರುದಿನ ನಾನು ನೋಡಲು ಹೋದೆ. ಆಗ ನನ್ನ ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ಐವತ್ತೆರಡು ವರ್ಷದ ತಂತಿ, ಸುಡದೆ ಏನು ಮಾಡೀತು ಎಂದೇ ಯೋಚಿಸಿದ್ದೆ. ಹುಡುಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕೈಯಲ್ಲಿ ಫೋನಿನ ಬೆಳಕು ಹಿಡಿದು ನೋಡುತ್ತಿದ್ದಳು. "ಇಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಏನೋ ಬರೆದಿದೆ, ಆದರೆ ಇದು ಯಾವ ಭಾಷೆ?" ಎಂದಳು. ಅವಳು ತೆಗೆದ ಚಿತ್ರವನ್ನು ನೋಡಿದೆ. ಅರ್ಧ ಕರಗಿದ ಕಂದು ತಂತಿಗೆ ಸುತ್ತಿದ್ದ ಹಳದಿ ಕಾಗದದ ಟೇಪು. ಅದರ ಮೇಲೆ ನನ್ನದೇ ಅಕ್ಷರದಲ್ಲಿ, ಕನ್ನಡದಲ್ಲಿ, 'ಹಿಂದೀಪ' ಎಂದು ಬರೆದಿತ್ತು. ಪಕ್ಕದಲ್ಲಿಯೇ ಫ್ಯೂಸು. ಗಾಜು ಹೊಗೆಯಿಂದ ಕಪ್ಪಾಗಿತ್ತು. ಒರೆಸಿ ಬೆಳಕಿಗೆ ಹಿಡಿದೆ: ಒಳಗಿನ ಎಳೆ ಇಡಿಯಾಗಿಯೇ ಇತ್ತು. ಸುತ್ತಲಿನದೆಲ್ಲ ಸುಟ್ಟಿತ್ತು, ಸುಡಬೇಕಾದದ್ದು ಸುಟ್ಟಿರಲಿಲ್ಲ.

ಆ ಊರಿನ ನಾಲ್ಕು ಬೀದಿಗಳಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ. ನನ್ನ ಕುರುಹು ನನ್ನನ್ನೇ ಹಿಡಿದುಕೊಟ್ಟಿತು. ಆ ಹುಡುಗಿಗೆ ನಾನೇನಾದರೂ ಹೇಳಿ ಜಾರಿಕೊಳ್ಳಬಹುದಾಗಿತ್ತು. ಓದಲು ಬಾರದವರ ಮುಂದೆ ಬರಹಕ್ಕೆ ಯಾವ ಅರ್ಥವನ್ನಾದರೂ ಕಟ್ಟಬಹುದು. ಒಂದು ಕ್ಷಣ ಆ ಯೋಚನೆ ಬಂದದ್ದೂ ನಿಜ. ಬಳಿಕ ಒಳಗೆ ಹೋಗಿ ಅಜ್ಜಿಯ ಎದುರು ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತಿದ್ದರು. "ಅವರು ಇದ್ದಿದ್ದರೆ ನಿನಗೆ ಚೆನ್ನಾಗಿ ಬೈಯುತ್ತಿದ್ದರು. ನನಗೆ ಬೈಯಲು ಬರುವುದಿಲ್ಲ. ಗುಜರಿಯವನು ನಾಡಿದ್ದು ಬರುತ್ತೇನೆಂದಿದ್ದಾನೆ. ಅದನ್ನು ಸರಿಪಡಿಸಲು ಆಗುತ್ತದೆಯೋ ಇಲ್ಲವೋ ಅಷ್ಟನ್ನು ಹೇಳು" ಎಂದರು. ಆಗುತ್ತದೆ ಎಂದೆ.

ರಾತ್ರಿ ಊರಿಗೆ ಫೋನು ಮಾಡಿ ಅಪ್ಪನಿಗೂ ಹೇಳಿದೆ. ಎಂಬತ್ತು ದಾಟಿದ ಅಪ್ಪ ಸ್ವಲ್ಪ ಸುಮ್ಮನಿದ್ದು, "ತಮ್ಮಾ, ಫ್ಯೂಸ್ ಸುಡತಿತ್ತಂದ್ರ ಅದು ತನ್ನ ಕೆಲಸಾ ಮಾಡತಿತ್ತು. ನಿನ್ನ ಕೆಲಸಾ ನೀ ಮಾಡಲಿಲ್ಲ" ಎಂದರು. ಆಮೇಲೆ, "ಒಂದ ವೈರ್ ಹಚ್ಚಾಕ ಹೋಗಬ್ಯಾಡ. ಪೂರಾ ತಗದ ಬಿಡು" ಎಂದರು.

ಒಂದೇ ತಂತಿ ಸುಟ್ಟಿರುವಾಗ ಇಡೀ ಕಟ್ಟನ್ನೇ ಏಕೆ ತೆಗೆಯಬೇಕು ಎಂಬ ಪ್ರಶ್ನೆ ಸಹಜ. ತಂತಿಗಳು ಒಂಟಿಯಾಗಿ ಇರುವುದಿಲ್ಲ. ಹತ್ತಾರು ತಂತಿಗಳನ್ನು ಒತ್ತಾಗಿ ಸೇರಿಸಿ ಮೇಲೆ ಟೇಪು ಸುತ್ತಿರುತ್ತಾರೆ. ಅವುಗಳಲ್ಲೊಂದು ಕಾದು ಕೆಂಪಾದರೆ ಅದರ ಶಾಖವು ಮಗ್ಗುಲಿನ ನಿರಪರಾಧಿ ತಂತಿಗಳ ಹೊದಿಕೆಯನ್ನೂ ಕರಗಿಸುತ್ತದೆ. ಎಲ್ಲಿಯವರೆಗೆ ಕರಗಿದೆ ಎಂಬುದು ಟೇಪು ಬಿಚ್ಚದೆ ತಿಳಿಯದು. ಬಿಚ್ಚಿದರೆ ಅರ್ಧ ಶತಮಾನದ ಹೊದಿಕೆಯು ಒಣಗಿದ ಸೋಗೆಯಂತೆ ಮುರಿಯುತ್ತದೆ. ಕಾಣುವ ಗಾಯಕ್ಕೆ ಪಟ್ಟಿ ಕಟ್ಟುವುದು ಸುಲಭ, ಕಾಣದಿರುವುದಕ್ಕೆ ಏನು ಮಾಡುವುದು? ಇದೇ ಫ್ಲಿಂಟ್ ನಗರದಲ್ಲಿ 2014ರ ಬಳಿಕ ಕುಡಿಯುವ ನೀರಿನಲ್ಲಿ ಸೀಸ ಕಂಡುಬಂದಾಗ, ಯಾವ ಮನೆಗೆ ಯಾವ ಲೋಹದ ಕೊಳವೆ ಹೋಗಿದೆಯೆಂಬ ಹಳೆಯ ದಾಖಲೆಗಳು ಪೂರ್ಣವಾಗಿರಲಿಲ್ಲ. ಬೀದಿ ಬೀದಿಯನ್ನು ಅಗೆದು ಕಣ್ಣಾರೆ ನೋಡಿ ಬದಲಾಯಿಸಬೇಕಾಯಿತು. ಅಂಗಳ ಅಗೆಯುವ ಯಂತ್ರಗಳ ಸದ್ದನ್ನು ವರ್ಷಗಟ್ಟಲೆ ಕೇಳಿದ ನಮಗೆ ಅಪ್ಪನ ಮಾತು ಬೇಗ ಅರ್ಥವಾಯಿತು.

ಹಳೆಯ ವಾಹನಗಳಿಗೆ ಎರಡು ಬಗೆಯ ಹೊಸ ಹಾರ್ನೆಸ್ಸುಗಳು ದೊರೆಯುತ್ತವೆ. ಯಾವ ವಾಹನಕ್ಕಾದರೂ ಹೊಂದಿಸಿಕೊಳ್ಳಬಹುದಾದ ಸಾರ್ವತ್ರಿಕ ಕಟ್ಟು ಒಂದು. ಅದರ ತಂತಿಗಳ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಅಚ್ಚುಹಾಕಿರುತ್ತಾರೆ, ಉದ್ದವನ್ನು ನಾವೇ ಕತ್ತರಿಸಿ ತುದಿಗಳನ್ನು ಕಟ್ಟಬೇಕು. ಇನ್ನೊಂದು, ಮೂಲ ಕಾರ್ಖಾನೆಯ ನಕ್ಷೆಯಂತೆಯೇ, ಅದೇ ಬಣ್ಣಗಳಲ್ಲಿ, ಅದೇ ಉದ್ದದಲ್ಲಿ ಮಾಡಿದ್ದು. ನಾನು ಎರಡನೆಯದನ್ನು ಆರಿಸಿಕೊಂಡೆ. 700 ಡಾಲರಿನ ಆಸುಪಾಸು ಖರ್ಚಾಯಿತು. ನನ್ನ ಕತ್ತರಿಯ ಮೇಲೆ ನನಗೆ ನಂಬಿಕೆ ಹೋಗಿತ್ತು ಎಂಬುದೇ ನಿಜವಾದ ಕಾರಣ.

ಜನವರಿಯಲ್ಲಿ ಕೆಲಸ ಆರಂಭವಾಯಿತು. ಹುಡುಗಿಯೂ ಪ್ರತಿ ಶನಿವಾರ ಬರುತ್ತಿದ್ದಳು. ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದೆವು. ಪೆಟ್ರೋಲನ್ನು ಬಸಿದು, ಆಸನವನ್ನು ಕಳಚಿ, ಟ್ಯಾಂಕನ್ನು ಹೊರಗೆ ಸಾಗಿಸಿದೆವು. ಡ್ಯಾಶ್‌ಬೋರ್ಡಿನ ಡಬ್ಬಿಯನ್ನು ಖಾಲಿ ಮಾಡುವಾಗ ಹಳೆಯ ರಸೀದಿಗಳ ಅಡಿಯಲ್ಲಿ ಒಂದು ಪುಟ್ಟ ತಗಡಿನ ಪೆಟ್ಟಿಗೆ ಸಿಕ್ಕಿತು. ಫ್ಯೂಸುಗಳನ್ನು ಐದೈದರಂತೆ ಮಾರುತ್ತಿದ್ದ ಪೆಟ್ಟಿಗೆ ಅದು. ಒಳಗೆ ಎರಡು ಉಳಿದಿದ್ದವು, ಎರಡೂ 20 ಆಂಪಿಯರಿನವೇ. 2011ರಲ್ಲಿ ಅವು ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿದ್ದವು. ಮನೆಯೊಳಗೆ ಕುಳಿತಿದ್ದ ಹಿರಿಯರನ್ನು ನಾನು ಒಂದು ಮಾತು ಕೇಳಿರಲಿಲ್ಲ.

ಹಳೆಯ ಕಟ್ಟನ್ನು ಕತ್ತರಿಸಿ ಎಸೆಯಬೇಕೆಂದು ಕೈ ತುರಿಸುತ್ತದೆ, ಹಾಗೆ ಮಾಡಬಾರದು. ಒಂದೊಂದು ಕವಲನ್ನೂ ಬಿಚ್ಚುವ ಮೊದಲು ಚಿತ್ರ ತೆಗೆದು, ಚೀಟಿ ಕಟ್ಟಿ, ಇಡಿಯಾಗಿ ಹೊರತೆಗೆದು ನೆಲದ ಮೇಲೆ ಹಾಸಿದೆವು. ಅದರ ಪಕ್ಕದಲ್ಲಿ ಹೊಸದನ್ನು ಹಾಸಿದೆವು. ಡ್ಯಾಶ್‌ಬೋರ್ಡಿನದು, ಎಂಜಿನ್ನಿನದು, ಮುಂದಿನ ದೀಪಗಳದು, ಹಿಂದಿನ ದೀಪಗಳದು ಎಂದು ನಾಲ್ಕು ಮುಖ್ಯ ಭಾಗಗಳು. ಕ್ಯಾಬಿನ್ನಿಗೂ ಎಂಜಿನ್ನಿಗೂ ನಡುವೆ ಇರುವ ಲೋಹದ ಗೋಡೆಯಲ್ಲಿ ಒಂದು ಕಿಂಡಿ. ಒಳಗಿನಿಂದ ಫ್ಯೂಸುಗಳ ಹಲಗೆ, ಹೊರಗಿನಿಂದ ಎಂಜಿನ್ನಿನ ಮತ್ತು ದೀಪಗಳ ಕೊಂಡಿ, ಎರಡೂ ಅಲ್ಲಿ ಬಂದು ಕೂಡುತ್ತವೆ. ಒಂದೇ ಒಂದು ಬೋಲ್ಟು ಅವನ್ನು ಹಿಡಿದಿಡುತ್ತದೆ. ಆ ಕೂಡಲಿನ ಲೋಹದ ನಾಲಗೆಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು.

ಹಳೆಯ ಟೇಪಿನ ವಿಷಯದಲ್ಲಿ ಒಂದು ಮಾತು. ಕಾರ್ಖಾನೆಯಲ್ಲಿ ಸುತ್ತಿದ್ದು ಅಂಟಿಲ್ಲದ ಟೇಪು. ಐವತ್ತು ವರ್ಷ ಕಳೆದರೂ ಒಣಗಿ ನಿರ್ಮಲವಾಗಿ ಬಿಚ್ಚಿಕೊಂಡಿತು. ನಾನು ಸುತ್ತಿದ್ದ ಅಂಗಡಿಯ ಟೇಪು ಅಂಟು ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಮೆತ್ತಿಕೊಂಡಿತು. ಸೀಮೆಎಣ್ಣೆ ಹಚ್ಚಿ ತೊಳೆದರೂ ಎರಡು ದಿನ ಹೋಗಲಿಲ್ಲ.

ಬಣ್ಣಗಳ ಭಾಷೆಯನ್ನು ಹುಡುಗಿ ನನಗಿಂತ ಬೇಗ ಕಲಿತಳು. ಕೆಂಪು ಎಂದರೆ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಎಂದಿಗೂ ನಿದ್ರಿಸದ್ದು. ಗುಲಾಬಿ, ಚಾವಿ ತಿರುಗಿಸಿದಾಗ ಎಚ್ಚರಗೊಳ್ಳುವುದು. ನೇರಳೆ, ಸ್ಟಾರ್ಟರಿನದು. ತಿಳಿ ಹಸಿರು ದೂರದ ಬೆಳಕು, ಮಾಸಲು ಕಂದು ಸಮೀಪದ ಬೆಳಕು. ಕಪ್ಪು, ಭೂಮಿ. ಆದರೆ ಬಣ್ಣವನ್ನಷ್ಟೇ ನಂಬಿದರೆ ಮೋಸವಾಗುತ್ತದೆ. ಕಡು ಹಸಿರು ಎಂಜಿನ್ನಿನ ಬಳಿ ಶಾಖದ ಮಾಪಕಕ್ಕೆ ಸೇರಿದ್ದು. ಅದೇ ಕಡು ಹಸಿರು ಹಿಂಭಾಗದಲ್ಲಿ ಬಲ ತಿರುವಿನ ದೀಪಕ್ಕೆ ಸೇರಿದ್ದು. ಒಂದೇ ಪದವು ಇರುವ ಸ್ಥಳದಿಂದ ಬೇರೆ ಅರ್ಥ ಪಡೆಯುವಂತೆ. ಆದ್ದರಿಂದಲೇ ಹಳೆಯದನ್ನು ಮಗ್ಗುಲಲ್ಲಿ ಹಾಸಿಕೊಂಡೇ ಓದಬೇಕು.

ಇನ್ನೊಂದು ಬಲೆ ಎಂಜಿನ್ನಿನ ಭಾಗದಲ್ಲಿತ್ತು. ಕಿಡಿ ಹುಟ್ಟಿಸುವ ಕಾಯಿಲಿಗೆ ಹೋಗುವ ತಂತಿಯು ನೋಡಲು ಸಾಮಾನ್ಯ ತಂತಿಯಂತೆಯೇ ಇದ್ದರೂ ಅದು ಬೇಕೆಂದೇ ಪ್ರತಿರೋಧವಿಟ್ಟು ಮಾಡಿದ ತಂತಿ. ಎಂಜಿನ್ನು ಚಾಲೂ ಆಗುವಾಗ ಸ್ಟಾರ್ಟರಿನಿಂದ ಬರುವ ಇನ್ನೊಂದು ತಂತಿಯು ಕಾಯಿಲಿಗೆ ಬ್ಯಾಟರಿಯ ಪೂರ್ಣ ಬಲವನ್ನು ಕೊಡುತ್ತದೆ. ಚಾಲೂ ಆದ ಮೇಲೆ ಈ ಪ್ರತಿರೋಧದ ತಂತಿಯು ಆ ಬಲವನ್ನು ತಗ್ಗಿಸುತ್ತದೆ. ತಿಳಿಯದವರು ಅದನ್ನು ಕತ್ತರಿಸಿ ಗಿಡ್ಡ ಮಾಡಿದರೆ ಅಥವಾ ಸಾಮಾನ್ಯ ತಂತಿ ಹಾಕಿದರೆ ಎಂಜಿನ್ನು ಮೊದಲಿಗೆ ಸೊಗಸಾಗಿಯೇ ಓಡುತ್ತದೆ, ಕೆಲವು ದಿನಗಳಲ್ಲಿ ಪಾಯಿಂಟುಗಳು ಸುಟ್ಟುಹೋಗುತ್ತವೆ. ಮೊದಲಿಗೆ ಸೊಗಸಾಗಿ ಓಡುವುದು ಎಂಬ ಮಾತನ್ನು ಬರೆಯುವಾಗ ನನಗೆ ಸೇಬಿನ ಕಡುಬು ನೆನಪಾಗುತ್ತದೆ.

2011ರಲ್ಲಿ ಕಾಣದ ಮೂಲ ದೋಷವೂ ಆಗ ಸಿಕ್ಕಿತು. ಹಿಂದಿನ ದೀಪಗಳ ತಂತಿಗಳು ಎಡಗಡೆಯ ಚೌಕಟ್ಟಿನ ಉದ್ದಕ್ಕೂ ಸಾಗುತ್ತವೆ. ತೊಟ್ಟಿಯ ನಡುಭಾಗದ ಕೆಳಗೆ ಅವನ್ನು ಹಿಡಿದಿದ್ದ ಒಂದು ತಗಡಿನ ಕೊಂಡಿ ತುಕ್ಕು ಹಿಡಿದು ಉದುರಿತ್ತು. ತಂತಿಯು ಜೋತುಬಿದ್ದು, ಗುಂಡಿಗಳಲ್ಲಿ ಟ್ರಕ್ಕು ಕುಲುಕಿದಾಗಲೆಲ್ಲ ಚೌಕಟ್ಟಿನ ಅಂಚಿಗೆ ಉಜ್ಜಿ, ಬೆರಳಿನ ಉಗುರಿನಷ್ಟು ಜಾಗದಲ್ಲಿ ಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಹುಡುಕಿದ್ದೆ, ದೋಷವಿದ್ದದ್ದು ಅಲ್ಲಿಂದ ಎಂಟು ಅಡಿ ಹಿಂದೆ. ಕೆಲವೇ ಪೈಸೆ ಬೆಲೆಯ ಕೊಂಡಿ. ಟ್ರಕ್ಕಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟಿದ್ದರೆ ಸಾಕಾಗಿತ್ತು. ಆ ದಿನ ಮಳೆಯಾಗಿತ್ತು, ಅಂಗಿ ಕೊಳೆಯಾದೀತೆಂದು ನಾನು ಮಲಗಲಿಲ್ಲ.

ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅರ್ಥಿಂಗ್ ನೋಡೀಯೇನು?" ಊರಿನಲ್ಲಿ ಅವರು ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗಳಿಗೆ ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿಸುತ್ತಿದ್ದರು. ವಾಹನಕ್ಕೆ ನೆಲದೊಡನೆ ಸಂಬಂಧವಿಲ್ಲ, ಅದರ ಲೋಹದ ಮೈಯೇ ಭೂಮಿ. ದೀಪಕ್ಕೆ ಹೋದ ವಿದ್ಯುತ್ತು ಆ ಮೈಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಮರಳುವ ದಾರಿಯಲ್ಲಿ ತುಕ್ಕೋ ಬಣ್ಣವೋ ಅಡ್ಡವಾದರೆ ಅದು ಬೇರೊಂದು ದೀಪದ ಎಳೆಯನ್ನು ಹಿಡಿದು ಮರಳಲು ನೋಡುತ್ತದೆ. ಎಡಕ್ಕೆ ಸೂಚನೆ ಕೊಟ್ಟರೆ ಬೇರೆ ದೀಪಗಳೂ ಮಂಕಾಗಿ ಮಿಣುಕುತ್ತವೆ. ಹೊಸ ಹಾರ್ನೆಸ್ಸು ಹಾಕಿದ ಮೇಲೂ ಸರಿಹೋಗಲಿಲ್ಲವೆಂದು ಜನ ಹಲುಬುವುದು ಬಹುತೇಕ ಈ ಕಾರಣದಿಂದ. ಎಂಜಿನ್ನಿನಿಂದ ಕ್ಯಾಬಿನ್ನಿಗೆ, ಕ್ಯಾಬಿನ್ನಿನಿಂದ ಚೌಕಟ್ಟಿಗೆ ಇರುವ ಪಟ್ಟಿಗಳನ್ನೆಲ್ಲ ಹೊಸದಾಗಿಸಿ, ಅವು ಕೂಡುವ ಜಾಗದಲ್ಲಿ ಬಣ್ಣವನ್ನು ಬಿಳಿ ಲೋಹ ಕಾಣುವ ತನಕ ಕೆರೆದೆವು. ಎರಡು ಶನಿವಾರಗಳು ಅದಕ್ಕೇ ಹೋದವು. ಅಷ್ಟು ಹೊತ್ತು ಸುಮ್ಮನೆ ಕೆರೆಯುವುದರಲ್ಲಿ ಏನು ಅರ್ಥವಿದೆಯೆಂದು ಹುಡುಗಿ ಗೊಣಗಿದಳು. ಅರ್ಥವಲ್ಲ, ಅರ್ಥು ಎಂದೆ. ಆ ಹಾಸ್ಯ ಅವಳಿಗೆ ತಿಳಿಯುವಂಥದ್ದಲ್ಲ, ನಾನೊಬ್ಬನೇ ನಕ್ಕೆ.

ಏಪ್ರಿಲಿನ ಮೊದಲ ಶನಿವಾರ ಎಲ್ಲ ಕೊಂಡಿಗಳೂ ಕೂಡಿದವು. ಹೊಸ ಕಟ್ಟಿನ ಮುಖ್ಯ ತಂತಿಯ ಬುಡದಲ್ಲಿ ಕರಗುಕೊಂಡಿಯೊಂದು ಇರುತ್ತದೆ: ತಾನು ಕಾಯುವ ತಂತಿಗಿಂತ ಬೇಕೆಂದೇ ತೆಳುವಾಗಿ ಮಾಡಿದ ಒಂದು ತುಂಡು ತಂತಿ, ಅನಾಹುತವಾದರೆ ಮೊದಲು ತಾನು ಕರಗಿಹೋಗಲೆಂದು. ಅದನ್ನು ಎರಡು ಸಲ ಪರೀಕ್ಷಿಸಿದೆ. ಬ್ಯಾಟರಿಯ ತುದಿಯನ್ನು ನೇರವಾಗಿ ಜೋಡಿಸಲಿಲ್ಲ. ಋಣ ತುದಿಗೂ ಅದರ ಕೇಬಲ್ಲಿಗೂ ನಡುವೆ ಒಂದು ಪರೀಕ್ಷಾ ದೀಪವನ್ನಿಟ್ಟೆವು. ಎಲ್ಲ ಗುಂಡಿಗಳೂ ಆರಿರುವಾಗ ಈ ದೀಪ ಉರಿಯಬಾರದು. ಉರಿದರೆ, ಯಾವುದೋ ತಂತಿ ಎಲ್ಲಿಯೋ ಸೋರುತ್ತಿದೆ ಎಂದರ್ಥ.

ದೀಪ ಉರಿಯಿತು.

ನನ್ನ ಕೈ ಕಾಲು ತಣ್ಣಗಾದವು. ಮೂರು ತಿಂಗಳ ಕೆಲಸ, ಎರಡೆರಡು ಸಲ ನೋಡಿದ ಕೊಂಡಿಗಳು. ಮತ್ತೆ ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಒಂದೊಂದೇ ಫ್ಯೂಸನ್ನು ಎಳೆಯತೊಡಗಿದೆ. ಹುಡುಗಿ ಹೊರಗಿನಿಂದ ಕರೆದಳು: "ನೀವು ಬಾಗಿಲನ್ನು ತೆರೆದಿಟ್ಟಿದ್ದೀರಿ." ತಲೆಯೆತ್ತಿ ನೋಡಿದೆ. ಬಾಗಿಲು ತೆರೆದರೆ ತಾನಾಗಿ ಹೊತ್ತುವ ಚಾವಣಿಯ ಪುಟ್ಟ ದೀಪವು ನನ್ನ ನೆತ್ತಿಯ ಮೇಲೆ ಮಂದವಾಗಿ ಬೆಳಗುತ್ತಿತ್ತು. ಅವಳು ಬಾಗಿಲನ್ನು ಮುಚ್ಚಿದಳು. ಪರೀಕ್ಷಾ ದೀಪ ಆರಿತು.

ಆಮೇಲೆ ಕೇಬಲ್ಲನ್ನು ಬಿಗಿದೆವು. ಫ್ಯೂಸಿನ ಹಲಗೆಯ ಆ ಮನೆಯಲ್ಲಿ ತಗಡಿನ ಪೆಟ್ಟಿಗೆಯ ಎರಡರಲ್ಲೊಂದನ್ನು ಹುಡುಗಿಯೇ ಕೂಡಿಸಿದಳು. ಕತ್ತಲಾಗುವವರೆಗೆ ಕಾದು, ಅಜ್ಜಿಯನ್ನು ಹೊರಗೆ ಕರೆತಂದು ಟ್ರಕ್ಕಿನ ಹಿಂದೆ ಕುರ್ಚಿ ಹಾಕಿ ಕೂರಿಸಿದೆವು. ನಾನು ಒಳಗೆ ಕುಳಿತು ಗುಂಡಿಯನ್ನು ಎಳೆದೆ. "ಎಡದ್ದು ಬಂತು" ಎಂದರು. "ಬಲದ್ದೂ ಬಂತು." ಬ್ರೇಕು ತುಳಿದೆ. ಅವರು ಏನೋ ಹೇಳಿದರು, ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಇಳಿದು ಹೋಗಿ ಕೇಳಿದೆ.

"ಆ 30ರ ಫ್ಯೂಸು ಎಲ್ಲಿ?" ಎಂದರು.

ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಹಿಂದೀಪದ ಕೆಂಪು ಬೆಳಕಿಗೆ ಹಿಡಿದು, ಗಾಜಿನೊಳಗಿನ ಎಳೆಯನ್ನು ಸ್ವಲ್ಪ ಹೊತ್ತು ನೋಡಿ, ನನಗೇ ಹಿಂದಿರುಗಿಸಿದರು.